ಏನೂ ಹಾಕದ ಆರು ಮಡಿಗಳು

ಮೊನ್ನೆ ರಾಯದುರ್ಗಕ್ಕೆ, ನನ್ನ ತಮ್ಮನ ಮನೆಗೆ ಹೋಗಿದ್ದೆ. ನಮ್ಮ ಮಡಕಶಿರಾ ಕಡೆಯಿಂದ ಬೆಳಿಗ್ಗೆ ಹೊರಟು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಸೊಂಟ ಹಿಡಿದುಕೊಂಡು ಇಳಿಯುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಅಂಗಳದಲ್ಲಿ ತಮ್ಮನ ಹೆಂಡತಿ ಶಾಂತವ್ವ ಬೀಸುವ ಕಲ್ಲಿಗೆ ಉಳಿ ಹೊಡೆಸುತ್ತಿದ್ದಳು. ಕಲ್ಲು ನುಣುಪಾಗಿ ಹಿಟ್ಟು ಸರಿಯಾಗಿ ಬೀಳುತ್ತಿರಲಿಲ್ಲವಂತೆ. ಉಳಿ ಹೊಡೆಯುವ ಹೆಂಗಸು ಧೂಳು ಏಳದಿರಲೆಂದು ಆಗಾಗ ನೀರು ಚಿಮುಕಿಸುತ್ತಿದ್ದಳು. ಆ ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚೀಲ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ.

"ಯಾಕಕ್ಕ, ಕಲ್ಲು ನೋಡಿ ಒಬ್ರ ನಗಾಕತ್ತೀರಿ?" ಎಂದಳು ಶಾಂತವ್ವ.

"ನಮ್ಮ ನೀಲಾ ಹೊಲಕ್ಕ ಕಲ್ಲು ಉಣ್ಣಿಸಿದ ವರ್ಷ ನೆನಪಾತು ನೋಡವ್ವ."

"ಬಂತಪ್ಪ ಮೊಮ್ಮಗಳ ಪುರಾಣ. ಮೊದ್ಲು ಕೈಕಾಲು ತೊಳಕೊಳ್ರಿ. ಉಂಡು ಹೇಳೀರಂತ."

ಉಂಡ ಮೇಲೆ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ, ಉಣ್ಣುತ್ತಲೇ ಹೇಳಿದೆ. ಹೇಳಿದರೂ ಹೊಟ್ಟೆ ತುಂಬಲಿಲ್ಲ, ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಬೊಮ್ಮನಹಾಳ್ ಹತ್ತಿರದ ನಮ್ಮ ತವರಿನ ಶಾಲೆಯಲ್ಲಿ, ನಾಲ್ಕನೆಯ ಕ್ಲಾಸಿನ ತನಕ. ಮದುವೆಯಾಗಿ ಅಗಳಿ ಕಡೆಯ ಹಳ್ಳಿಗೆ ಬಂದು ಮೊಮ್ಮಕ್ಕಳನ್ನು ಕಂಡರೂ ನನ್ನ ಮಾತು ಇನ್ನೂ ತವರಿನದೇ. ನಮ್ಮ ಯಜಮಾನರು ಇವತ್ತಿಗೂ ನಾನು 'ಬರ್ರಿ' ಎಂದರೆ 'ಬಂದೆ ಕಣ್ರೀ' ಎಂದು ಹಂಗಿಸುತ್ತಾರೆ.

ನೀಲಾ ನನ್ನ ಮಗನ ಮಗಳು. ಪೂರ್ತಿ ಹೆಸರು ನೀಲಾಂಬಿಕೆ. ನಮ್ಮೂರ ಕನ್ನಡ ಶಾಲೆಯಲ್ಲಿ ಓದಿ, ಮಡಕಶಿರಾದಲ್ಲಿ ಕಾಲೇಜು ಮಾಡಿ, ಆಮೇಲೆ ಯೂನಿವರ್ಸಿಟಿ ಸೇರಿ ಪಿಎಚ್‌ಡಿಗೆ ಕೂತವಳು. ಏನು ಓದುತ್ತೀಯೆಂದು ಕೇಳಿದರೆ, "ಭೂಮಿ ಕಾಯ್ತಾ ಇದೆ ಅಜ್ಜಿ. ಅದನ್ನ ಮನುಷ್ಯರೇ ಕೈಯಾರೆ ತಣ್ಣಗೆ ಮಾಡೋಕೆ ಆಗುತ್ತಾ, ಮಾಡಬಹುದಾ, ಅದು ನನ್ನ ಓದು" ಎನ್ನುತ್ತಿದ್ದಳು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವ ಕೆಲಸವೆಂದು ನಾನು ತಿಳಿದುಕೊಂಡಿದ್ದೆ. ಈಗಲೂ ಹಾಗೆಯೇ ತಿಳಿದುಕೊಂಡಿದ್ದೇನೆ.

ಆ ವರ್ಷ ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಮಧ್ಯಾಹ್ನ ಟ್ರ್ಯಾಕ್ಟರೊಂದು ನಮ್ಮ ಮನೆ ಮುಂದೆ ಬಂದು ನಿಂತಿತು. ಟ್ರೇಲರಿನ ತುಂಬ ಗೋಣಿಚೀಲ, ಚೀಲಗಳ ಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನನ್ನ ಮೊಮ್ಮಗಳು. ಮಡಕಶಿರಾ ಸುತ್ತ ಕರಿಕಲ್ಲಿನ ಕ್ವಾರಿಗಳಿವೆ. ನುಣ್ಣಗೆ ಹೊಳೆಯುವ ಹಲಗೆಗಳು ಲಾರಿ ಹತ್ತಿ ಎಲ್ಲೆಲ್ಲಿಗೋ ಹೋಗುತ್ತವೆ, ಪುಡಿ ಮಾತ್ರ ದಾರಿ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತದೆ. ನೀಲಾ ಆ ಪುಡಿಯನ್ನು ಪರೀಕ್ಷೆ ಮಾಡಿಸಿ, ನೆಲಕ್ಕೆ ಕೆಡುಕಿಲ್ಲವೆಂದು ಖಾತ್ರಿ ಮಾಡಿಕೊಂಡು ತಂದಿದ್ದಳು.

ಯಜಮಾನರು ಚೀಲದೊಳಗೆ ಕೈ ಹಾಕಿ ನೋಡಿದರು. "ಅಲ್ಲ ಕಣವ್ವ, ನಮ್ಮ ತಾತ, ನಮ್ಮಪ್ಪ ಈ ಹೊಲ್ದಾಗೆ ಕಲ್ಲು ಆಯ್ದು ಆಯ್ದು ಬದು ಕಟ್ಟವ್ರೆ. ನೀನು ಇಷ್ಟು ಓದ್ಕೊಂಡು ಬಂದು ಕಲ್ಲು ಸುರೀತೀನಿ ಅಂತೀಯಲ್ಲ."

"ಅದು ಕಲ್ಲು ತಾತ. ಇದು ಕಲ್ಲಿನ ಹಿಟ್ಟು."

"ಹಿಟ್ಟಾದ್ರೆ ನಿಮ್ಮಜ್ಜಿ ಕೈಗೆ ಕೊಡು, ಮುದ್ದೆ ಮಾಡ್ತಾಳೆ."

ಜಗಲಿಯಲ್ಲಿ ಕೂತು ನೀಲಾ ಎಲ್ಲವನ್ನೂ ಬಿಡಿಸಿ ಹೇಳಿದಳು. ನಾವು ಸುಡುವ ಡೀಸೆಲ್ಲು, ಕಲ್ಲಿದ್ದಲಿನ ಹೊಗೆ ಗಾಳಿಯಲ್ಲೇ ನಿಂತು ಭೂಮಿಗೆ ಕಂಬಳಿ ಹೊದಿಸಿದ ಹಾಗಾಗಿದೆಯಂತೆ. ಮಳೆ ಬೀಳುವಾಗ ಅದರಲ್ಲಿ ಒಂದಿಷ್ಟು ನೀರಿನಲ್ಲಿ ಕರಗಿ, ನೀರು ಒಂಚೂರು ಹುಳಿಯಾಗುತ್ತದೆ. ಆ ಹುಳಿ ನೀರು ಕಲ್ಲನ್ನು ಮೆಲ್ಲಗೆ ತಿನ್ನುತ್ತದೆ. ತಿಂದಾಗ ಆ ಹೊಗೆ ಮತ್ತೆ ಗಾಳಿಗೆ ಏರುವುದಿಲ್ಲ, ನೀರಿನ ಜೊತೆ ಇಳಿದು ಹಳ್ಳ, ಹೊಳೆ ದಾಟಿ ಸಮುದ್ರ ಸೇರುತ್ತದೆ. ಇಡೀ ಬಂಡೆ ಕರಗಬೇಕಾದರೆ ಯುಗ ಬೇಕು. ಹಿಟ್ಟು ಬೇಗ ಕರಗುತ್ತದೆ. ಹಾಗೆ ಕರಗಿದರೆ ನೆಲಕ್ಕೂ ಸ್ವಲ್ಪ ಸಾರ ಸಿಗುತ್ತದೆ.

ಯಜಮಾನರು ತಲೆಯಾಡಿಸಿದರೇ ಹೊರತು ನಂಬಿದ ಹಾಗೆ ಕಾಣಲಿಲ್ಲ. ನನಗೆ ಮಾತ್ರ ಥಟ್ಟನೆ ಹೊಳೆಯಿತು. ನಮ್ಮ ಅಡಿಗೆಮನೆಯ ಕಡಪಾ ಕಲ್ಲಿನ ಮೇಲೆ ನಿಂಬೆಹಣ್ಣು ಹಿಂಡಿದ ರಸ ಬಿದ್ದು, ಒರೆಸುವುದು ತಡವಾಗಿ, ಅಲ್ಲೊಂದು ಬಿಳಿ ಕಲೆ ಹಾಗೇ ನಿಂತಿದೆ. ಎಷ್ಟು ತಿಕ್ಕಿದರೂ ಹೋಗಿಲ್ಲ.

"ಹುಳಿ ಕಲ್ಲು ತಿಂತೈತಿ ಅಂತ ನನಗ ಗೊತ್ತೈತಿ ಬಿಡವ್ವ," ಎಂದೆ.

"ನೋಡು ತಾತ, ಅಜ್ಜಿಗೆ ಆಗ್ಲೇ ಅರ್ಧ ಪಿಎಚ್‌ಡಿ ಆಯ್ತು," ಎಂದು ಅವಳು ನನ್ನ ಭುಜ ತಬ್ಬಿಕೊಂಡಳು.

ಇನ್ನೂ ಒಂದು ಸಂಗತಿ ಹೇಳಿದಳು. ಬೇರೆ ದೇಶಗಳಲ್ಲಿ ಕೆಲವು ವಿಜ್ಞಾನಿಗಳು ಮುಗಿಲಿಗಿಂತ ಮೇಲೆ ಪುಡಿ ಎರಚಿ ಬಿಸಿಲನ್ನೇ ಒಂದಿಷ್ಟು ತಡೆಯಬಹುದೇ ಎಂದು ಯೋಚಿಸುತ್ತಿದ್ದಾರಂತೆ.

"ಬಿಸಿಲು ತಡೆದ್ರೆ ನಾವು ಕಡ್ಲೇಕಾಯಿ ಎಲ್ಲಿ ಒಣಗಿಸೋದಂತೆ?" ಎಂದರು ಯಜಮಾನರು.

ನಾನು ನಕ್ಕೆ. ನೀಲಾ ನಗಲಿಲ್ಲ. "ಅದೇ ಪ್ರಶ್ನೆ ತಾತ. ಆ ಮುಗಿಲಿನ ಕೆಳಗೆ ಬದುಕೋರನ್ನ ಯಾರು ಕೇಳಿದ್ದಾರೆ? ಒಳ್ಳೇದಕ್ಕೇ ಮಾಡ್ತೀವಿ ಅಂದ್ರೂ, ಕೇಳದೆ ಮಾಡಿದ್ರೆ ತಪ್ಪು ತಪ್ಪೇ" ಎಂದಳು. ಹಾಗೆಂದವಳೇ ಚೀಲದಿಂದ ಒಂದು ಕಾಗದ ತೆಗೆದು, ಹೊಲದಲ್ಲಿ ಪುಡಿ ಹಾಕಲು ಒಪ್ಪಿಗೆಯೇ ಎಂದು ಸ್ವಂತ ತಾತನ ಸಹಿ ಕೇಳಿದಳು. ಅವರು ಅದನ್ನು ಮೂರು ಸಲ ಓದಿಸಿ, ಅಂಗಿ ಹಾಕಿಕೊಂಡು ಬಂದು ಸಹಿ ಮಾಡಿದರು.

ಹಳ್ಳದ ದಂಡೆಯ ಹೊಲದಲ್ಲಿ ಹಗ್ಗ ಹಿಡಿದು, ಗೂಟ ಬಡಿದು, ಎರಡು ಸಾಲಿನಲ್ಲಿ ಹನ್ನೆರಡು ಮಡಿ ಮಾಡಿದೆವು. ಆರಕ್ಕೆ ಕಲ್ಲುಪುಡಿ, ಆರಕ್ಕೆ ಏನೂ ಇಲ್ಲ. ಯಾವುದಕ್ಕೆ ಹಾಕಬೇಕೆಂದು ಚೀಟಿ ಎತ್ತಬೇಕಿತ್ತು. ನೀಲಾ ಹನ್ನೆರಡು ಚೀಟಿ ಬರೆದು, ಮಡಚಿ, ರಾಗಿ ಅಳೆಯುವ ಸೇರಿನಲ್ಲಿ ಹಾಕಿ ಕುಲುಕಿದಳು.

"ನೀನೇ ಎತ್ತಜ್ಜಿ. ನಾನು ಆರಿಸಿದ್ರೆ ಒಳ್ಳೆ ನೆಲ ನೋಡಿ ಪುಡಿ ಹಾಕೋಕೆ ಮನಸ್ಸು ಎಳೆಯುತ್ತೆ. ಚೀಟಿಗೆ ಆ ಆಸೆ ಇರಲ್ಲ."

ನಾನು ಕಣ್ಣು ಮುಚ್ಚಿ ಎತ್ತಿದೆ. ಪಡುವಣ ಬದುವಿನ ಪಕ್ಕದ ಮೂರು ಮಡಿಗಳೂ ಒಟ್ಟಿಗೇ 'ಏನೂ ಇಲ್ಲ' ಎಂದು ಬಂದವು. ನನ್ನ ಕೈಯಿಂದಲೇ ಬಂದವು. ಅಲ್ಲೇ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತೆಂದು ಈಗ ಅನ್ನಿಸುತ್ತದೆ.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಾನು, ಸೊಸೆ, ನೀಲಾ ಜರಡಿಯಲ್ಲಿ ಪುಡಿ ಹರಡಿದೆವು. ಮೊದಲ ಹದ ಮಳೆ ಬಿದ್ದ ಸಂಜೆ ಹೊಲದಿಂದ ಎದ್ದ ವಾಸನೆ ಹೇಗಿತ್ತೆಂದರೆ, ನೂರು ಬೀಸುವ ಕಲ್ಲುಗಳನ್ನು ಒಟ್ಟಿಗೆ ತೊಳೆದಿಟ್ಟ ಹಾಗೆ. ನೀಲಾ ಮಡಿಗೊಂದು ಸಣ್ಣ ಪೈಪು ಹೂತು, ಬೇರಿನ ಕೆಳಗಿನ ನೀರನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬುವುದನ್ನು ನನಗೆ ಕಲಿಸಿದಳು. ಅವಳು ಯೂನಿವರ್ಸಿಟಿಗೆ ಹೋದಾಗ ದಿನಾ ಬೆಳಿಗ್ಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಎಷ್ಟೋ ವರ್ಷವಾದ ಮೇಲೆ ಪೆನ್ನು ಹಿಡಿದೆ. ನಾನು ಕನ್ನಡ ಅಂಕಿಯಲ್ಲಿ ಬರೆದೆ, ಅವಳು ಹಾಗೇ ಇರಲಿ ಎಂದಳು.

ಹೀಗೆ ಅವಳು ಊರಲ್ಲಿಲ್ಲದ ಒಂದು ವಾರ ಚಿಕ್ಕಣ್ಣ ಬಂದ. ಚಿಕ್ಕಣ್ಣ ಅಮರಾಪುರ ಕಡೆಯ ಕುರುಬ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ತನ್ನ ಕುರಿಮಂದೆ ಹೊಡೆದುಕೊಂಡು ಈ ದಾರಿಯಲ್ಲಿ ಹೋಗುತ್ತಾನೆ. ನಾವು ಅವನಿಗೆ ಊಟ, ಒಂದಿಷ್ಟು ರಾಗಿ ಕೊಟ್ಟು, ಹೊಲದಲ್ಲಿ ಸುತ್ತ ಬಲೆ ಕಟ್ಟಿಸಿ ರಾತ್ರಿ ಮಂದೆ ಮಲಗಿಸಿಕೊಳ್ಳುತ್ತೇವೆ. ಕುರಿಗಳು ಮಲಗಿ ಎದ್ದ ಜಾಗದ ಬೆಳೆಯ ಬಣ್ಣವೇ ಬೇರೆ. ನಮ್ಮ ಮೇಲಿನ ಹೊಲದಲ್ಲೆಲ್ಲ ಮಂದೆ ಮಲಗಿಸಿಯಾಯಿತು. ಹೊರಡುವ ಮುಂಚಿನ ದಿನ ಸಂಜೆ ಅವನಿಗೆ ಬುತ್ತಿ ಕೊಡಲು ಹೋದವಳು ಆ ಮೂರು ಮಡಿಗಳನ್ನು ನೋಡುತ್ತ ನಿಂತೆ. ಪಕ್ಕದ ಮಡಿಗಳಿಗೆ ಪುಡಿ ಬಿದ್ದಿದೆ. ಮೇಲಿನ ಹೊಲಕ್ಕೆ ಗೊಬ್ಬರ ಬಿದ್ದಿದೆ. ಇವಕ್ಕೆ ಮಾತ್ರ ಏನೂ ಇಲ್ಲ. ಪಂಕ್ತಿಯಲ್ಲಿ ಕೂತ ಮಕ್ಕಳಲ್ಲಿ ಮೂವರ ಎಲೆ ದಾಟಿ ಮುಂದೆ ಬಡಿಸಿಕೊಂಡು ಹೋದ ಹಾಗಾಗಿತ್ತು.

"ಚಿಕ್ಕಣ್ಣ, ಇವತ್ತೊಂದಿನ ಬಲೆ ಇಲ್ಲಿ ಕಟ್ಟಪ್ಪ," ಎಂದೆ.

"ಅದು ನಿಮ್ಮ ಹುಡುಗಿ ಗೂಟ ಬಡಿದಿರೋ ಜಾಗ ಅಲ್ವೇನಮ್ಮೋ?"

"ಅಕೀ ಪುಡಿ ಹಾಕಿದ್ದು ಆ ಕಡಿಗೆ. ಇದು ಖಾಲಿ ಐತಿ. ಖಾಲಿ ಜಾಗಕ್ಕ ಏನಾಕ್ಕೈತಿ? ಪೈಪಿಗೆ ಕಾಲು ತಾಗದಂಗ ಮುಳ್ಳು ಮುಚ್ಚಿ ಕಟ್ಟು."

ಬೆಳಿಗ್ಗೆ ಮಂದೆ ಎದ್ದು ಹೋಯಿತು. ಎರಡು ದಿನದಲ್ಲಿ ಮಳೆ ಬಂತು. ಹಿಕ್ಕೆಗಳು ಕಾಣದ ಹಾಗೆ ನಾನೇ ಕೈಗುದ್ದಲಿಯಲ್ಲಿ ಮಣ್ಣಾಡಿಸಿದೆ. ಮುಚ್ಚಿಡಬೇಕೆಂದಲ್ಲ, ಗೊಬ್ಬರ ಬಿಸಿಲಿಗೆ ಸಾರ ಕಳೆದುಕೊಳ್ಳಬಾರದೆಂದು. ನೀಲಾ ಬಂದಳು, ರಾಗಿ ಬಿತ್ತಿದೆವು. ಅವಳಿಗೆ ಹೇಳಬೇಕೆಂದೇ ನನಗೆ ತೋಚಲಿಲ್ಲ. ಹಾಲಿಗೆ ಹೆಪ್ಪು ಹಾಕಿದ್ದನ್ನು ಯಾರಾದರೂ ಹೇಳುತ್ತಾರೆಯೇ?

ಶ್ರಾವಣಕ್ಕೆ ರಾಗಿ ಮೊಳಕಾಲುದ್ದ ಬಂತು. ಪಡುವಣ ಬದುವಿನ ಮೂರು ಮಡಿ ಮಾತ್ರ ತೊಡೆಯುದ್ದ, ಕಪ್ಪು ಹಸಿರು. ನನಗೆ ಖುಷಿಯೋ ಖುಷಿ. ನೀಲಾಳ ಮುಖ ಮಾತ್ರ ದಿನಕ್ಕಿಷ್ಟು ಸಣ್ಣದಾಯಿತು. ಸೀಸೆಗಳನ್ನು ಒಯ್ದು ಪರೀಕ್ಷಿಸಿ ಬಂದಳು. ಮತ್ತೊಮ್ಮೆ ಒಯ್ದಳು. ಉಣ್ಣಲು ಕರೆದರೆ ಹಸಿವಿಲ್ಲವೆಂದಳು.

"ಏನಾತು ನನ್ನವ್ವ?" ಎಂದು ಕೇಳಿದೆ.

"ಏನೂ ಹಾಕದ ಮಡಿಗಳಲ್ಲೇ ಮೂರು ಎಲ್ಲಕ್ಕಿಂತ ಚೆನ್ನಾಗಿ ಬಂದಿವೆ ಅಜ್ಜಿ. ಅವುಗಳ ನೀರಿನ ಲೆಕ್ಕವೂ ಎಲ್ಲೆಲ್ಲೋ ಇದೆ. ನನ್ನ ಕಲ್ಲಿನಿಂದ ಏನೂ ಆಗ್ತಿಲ್ಲ. ಮುಂದಿನ ವಾರ ಮೇಡಂ ನೋಡೋಕೆ ಬರ್ತಾರೆ. ಈ ಹೊಲದಲ್ಲಿ ಏನಾದ್ರೂ ಕಂಡ್ರೆ ಇನ್ನೊಂದು ವರ್ಷ ಮಾಡು ಅಂತಾರೆ. ಇಲ್ಲಾಂದ್ರೆ ವಿಷಯಾನೇ ಬಿಡಬೇಕು. ಮೂರು ವರ್ಷ ಓದಿದ್ದೆಲ್ಲ ಬಿಟ್ಟು ಬೇರೆ ಹಿಡೀಬೇಕು."

"ಹೋಗ್ಲಿ ಬಿಡು, ಖಾಲಿ ಮಡಿ ಚಲೋ ಬಂದ್ರ ಒಳ್ಳೇದ ಆತಲ್ಲ?"

"ಖಾಲಿ ಮಡಿ ಖಾಲಿಯಾಗೇ ಇರಬೇಕಜ್ಜಿ. ಅವು ಸಾಕ್ಷಿ. ನಾವು ಏನೂ ಮಾಡದೇ ಇದ್ದಿದ್ರೆ ಏನಾಗ್ತಿತ್ತು ಅಂತ ಹೇಳೋದು ಅವೇ. ಅವಿಲ್ದೆ ನಾನು ಏನು ಹೇಳಿದ್ರೂ ಯಾರೂ ನಂಬಲ್ಲ."

ನಾನು ಮಾಡಿದ್ದೇನೆಂದು ಆಗ ನನಗೆ ತಿಳಿಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಆ ವಾರವೆಲ್ಲ ನಾನು ಮಾಡಿದ ಸಾರಿಗೆ ಒಂದೋ ಉಪ್ಪಿಲ್ಲ, ಇಲ್ಲ ಎರಡು ಸಲ ಉಪ್ಪು. ಯಜಮಾನರು "ಯಾಕೇ, ಉಪ್ಪಿಗೂ ಚೀಟಿ ಎತ್ತೋಕೆ ಶುರು ಮಾಡಿದೀಯಾ?" ಎಂದರು. ನಾನು ಜಗಳಕ್ಕೂ ಹೋಗಲಿಲ್ಲ. ಅದರಿಂದಲೇ ಅವರಿಗೆ ಅನುಮಾನ ಬಂತು.

ನೀಲಾಳ ಮೇಡಂ ಜೀಪಿನಲ್ಲಿ ಬಂದರು. ತೆಲುಗಿನವರು, ತಲೆ ನರೆತವರು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿದರು. ನನಗೆ ಅಲ್ಲೇ ಅವರ ಮೇಲೆ ಗೌರವ ಬಂತು. ಮಡಿಯಿಂದ ಮಡಿಗೆ ಹೋಗಿ, ಮಣ್ಣು ಉಜ್ಜಿ ನೋಡಿ, ಕೊನೆಗೆ ಪಡುವಣ ಬದುವಿನ ಹತ್ತಿರ ನಿಂತರು. ಖಾಲಿ ಮಡಿ ಇಷ್ಟು ಚೆನ್ನಾಗಿದ್ದರೆ ಕಲ್ಲುಪುಡಿಯಿಂದ ಕೆಡುಕೇ ಆಗಿರಬೇಕಲ್ಲಮ್ಮ ಎಂದು ತೆಲುಗಿನಲ್ಲಿ ಕೇಳಿದರು. ನೀಲಾ ಗೂಟವನ್ನೇ ನೋಡುತ್ತ "ಹಾಗೇ ಕಾಣುತ್ತೆ ಮೇಡಂ" ಎಂದಳು. ಇನ್ನೊಂದು ಮಾತು ಅವಳ ಬಾಯಿಂದ ಬಂದಿದ್ದರೆ ಅಳು ಬರುತ್ತಿತ್ತು.

ನಾನು ನಡುವೆ ಬಂದು ನಿಂತೆ. "ಕಲ್ಲಿನದು ಏನೂ ತಪ್ಪಿಲ್ಲಮ್ಮ," ಎಂದು ತೆಲುಗಿನಲ್ಲೇ ಹೇಳಿದೆ. "ಈ ಮೂರು ಮಡಿಯಲ್ಲಿ ಕುರಿ ಮಲಗಿದ್ದವು. ಮಲಗಿಸಿದವಳು ನಾನು. ಅವು ಪಾಪ ಖಾಲಿ ಇದ್ದವೆಂದು."

ನೀಲಾ ನನ್ನನ್ನು ನೋಡಿದಳು.

"ಯಾಕಜ್ಜಿ ನನ್ನ ಒಂದು ಮಾತು ಕೇಳ್ಲಿಲ್ಲ?" ಎಂದಳು. ಅಷ್ಟೇ. ಅಂದವಳೇ ಹಳ್ಳದ ಕಡೆ ನಡೆದುಬಿಟ್ಟಳು. ಮುಗಿಲಿಗೆ ಪುಡಿ ಎರಚುವವರ ವಿಷಯದಲ್ಲಿ ಅವಳು ಆಡಿದ್ದ ಮಾತು ನನಗೇ ಬಂದು ಬಡಿಯಿತು. ಅವರೂ ಪಾಪ ನನ್ನ ಹಾಗೆ ಒಳ್ಳೆಯದಕ್ಕೇ ಹೊರಟವರಿರಬಹುದು.

ಮೇಡಂ ನನ್ನನ್ನು ಬೈಯಲಿಲ್ಲ. ಬದುವಿನ ಮೇಲೆ ಕೂತು ಒಂದೊಂದೇ ಕೇಳಿದರು. ಬಲೆ ಎಲ್ಲಿಂದ ಎಲ್ಲಿಯ ತನಕ ಕಟ್ಟಿದ್ದರು? ಎಷ್ಟು ಸಲ ಮಲಗಿದ್ದವು? ಉಳಿದ ಮೂರು ಖಾಲಿ ಮಡಿಗಳಿಗೆ ಒಂದು ಕುರಿಯಾದರೂ ಹೋಗಿತ್ತೇ? ನಾನು ರಾಗಿ ಸರಿಸಿ ಬಲೆಯ ಗೂಟ ನೆಟ್ಟಿದ್ದ ಜಾಗಗಳನ್ನು ತೋರಿಸಿದೆ. ಮೂಡಣ ಕಡೆಯ ಮೂರು ಖಾಲಿ ಮಡಿಗಳ ಹತ್ತಿರ ಒಂದು ಗೊರಸೂ ಸುಳಿದಿಲ್ಲವೆಂದೆ. ಅಷ್ಟರಲ್ಲಿ ಯಜಮಾನರು ಚಿಕ್ಕಣ್ಣನಿಗೆ ಫೋನು ಹಚ್ಚಿ ಮೇಡಂ ಕೈಗೆ ಕೊಟ್ಟರು.

"ಕುರಿ ಎಷ್ಟಿದ್ದವಪ್ಪ?" ಎಂದರು ಮೇಡಂ.

"ಎಣಿಸಿ ಬಾಯಿಬಿಟ್ಟು ಹೇಳಬಾರ್ದು ತಾಯಿ, ಮಂದೆಗೆ ದೃಷ್ಟಿಯಾಗ್ತದೆ," ಎಂದ ಚಿಕ್ಕಣ್ಣ.

"ನನ್ನ ದೃಷ್ಟಿ ಏನೂ ಆಗಲ್ಲಪ್ಪ, ನನಗೆ ಕನ್ನಡಕ ಇದೆ."

ಅವನು ನಕ್ಕಿದ್ದು ನಮಗೂ ಕೇಳಿತು. ಸಂಖ್ಯೆ ಮಾತ್ರ ಹೇಳಲಿಲ್ಲ. ಬಲೆ ಎಷ್ಟು ಮಾರು ಉದ್ದವೆಂದು ಹೇಳಿದ. ಅಂದಾಜು ಸಿಕ್ಕಿತು ಎಂದು ಮೇಡಂ ಬರೆದುಕೊಂಡರು.

ನೀಲಾ ಬಹಳ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು. ಮೇಡಂ ಅವಳಿಗೆ ಹೇಳಿದ್ದಿಷ್ಟು: ಮೂರು ಮಡಿಗಳನ್ನು ಲೆಕ್ಕದಿಂದ ತೆಗೆ. ಉಳಿದ ಮೂರು ಶುದ್ಧವಾಗಿವೆ. ಸಾಕ್ಷಿ ಕಡಿಮೆಯಾಯಿತು, ಸತ್ತು ಹೋಗಲಿಲ್ಲ. ಏನಾಯಿತೋ ಅದನ್ನು ಹಾಗೆಯೇ ಬರೆ. ಕೊಯ್ಲಾದ ಮೇಲೆ ನೋಡೋಣ.

ಮೇಡಂ ಹೊರಟ ಮೇಲೂ ನೀಲಾ ನನ್ನ ಹತ್ತಿರ ಬರಲಿಲ್ಲ. ಸಂಜೆ ಹಿತ್ತಲಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದೆ. ಬಂದು ಎದುರಿಗೆ ಕೂತು ತಾನೂ ಬಿಡಿಸತೊಡಗಿದಳು.

"ತಪ್ಪಾತವ್ವ. ಮಾಡಿದ್ದೂ ತಪ್ಪು, ಮುಚ್ಚಿಟ್ಟಿದ್ದೂ ತಪ್ಪು," ಎಂದೆ.

"ಒಂದು ವಾರ ನಾನು ನಿದ್ದೆ ಮಾಡಿಲ್ಲ ಅಜ್ಜಿ."

"ನಾನೂ ಮಾಡಿಲ್ಲವ್ವ."

"ಅದು ಗೊತ್ತಾಯ್ತು. ಸಾರು ತಿಂದಾಗ್ಲೇ ಗೊತ್ತಾಗಬೇಕಿತ್ತು," ಎಂದಳು. ಮೊದಲು ಅವಳು ನಕ್ಕಳೋ ನಾನು ಅತ್ತೆನೋ ನೆನಪಿಲ್ಲ. ಅಲಸಂದೆಕಾಯಿ ಮಾತ್ರ ಆವತ್ತು ಮುಗಿಯಲಿಲ್ಲ.

ಆಮೇಲೆ ಮಳೆ ಚೆನ್ನಾಗಿ ಹಿಡಿಯಿತು. ಹಳ್ಳದಲ್ಲಿ ನೀರು ಹರಿದದ್ದನ್ನು ನೋಡಲು ಊರಿನವರೆಲ್ಲ ಹೋಗಿದ್ದರು. ಯಜಮಾನರು ದಂಡೆಯಲ್ಲಿ ನಿಂತು, "ಹೋಗು ಹೊಗೆಯೇ, ಸಮುದ್ರಕ್ಕೆ ಹೋಗು" ಎಂದು ನೀರಿಗೆ ಕೈಬೀಸಿದರು. ಹಂಗಿಸುವ ದನಿಯಲ್ಲೇ ಅಂದರು, ಆದರೂ ನೀರು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತಿದ್ದರು. ನಾನು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಸೀಸೆ ತುಂಬಿದೆ. ಮಡಿಗಳ ಸುತ್ತ ಬೇರೆಯವರ ಕೋಳಿ ಸುಳಿದರೂ ಓಡಿಸಿದೆ. ನನ್ನ ಕಾವಲು ನೋಡಿ ಸೊಸೆ, "ಅತ್ತೆ, ಕಾಗೆ ಹಾರಿದ್ದನ್ನೂ ಬರೆದಿಡ್ರಿ" ಎಂದು ನನ್ನ ಮಾತಿನ ಧಾಟಿಯಲ್ಲೇ ಅಣಕಿಸಿದಳು. ನಾನು ನಿಜವಾಗಿಯೂ ಒಂದು ದಿನ ಬರೆದಿಟ್ಟೆ.

ಕೊಯ್ಲಾಯಿತು. ಮಡಿಗೊಂದು ಗಂಟು ಕಟ್ಟಿ ತೂಗಿದೆವು. ಕೊನೆಯ ಸೀಸೆಗಳ ಪರೀಕ್ಷೆ ಮುಗಿದ ದಿನ ನೀಲಾ ಫೋನು ಮಾಡಿದಳು. ಅವಳ ದನಿ ಕೇಳಿಯೇ ನಾನು ಒಲೆಯ ಮೇಲಿನ ಪಾತ್ರೆ ಇಳಿಸಿ ಕೂತೆ.

"ಅಜ್ಜಿ, ಕಲ್ಲು ಕರಗಿದೆ. ಸ್ವಲ್ಪ. ಪುಡಿ ಹಾಕಿದ ಮಡಿಗಳ ನೀರಲ್ಲಿ ಸಿಕ್ಕಿದೆ. ಕುರಿ ಮಲಗದ ಮೂರು ಖಾಲಿ ಮಡಿಗಳಲ್ಲಿ ಇಲ್ಲ."

"ಸ್ವಲ್ಪ ಅಂದ್ರ ಎಷ್ಟವ್ವ? ಭೂಮಿ ತಣ್ಣಗಾಕ್ಕೈತೇನು?"

"ಇಷ್ಟರಿಂದ ಆಗಲ್ಲ ಅಜ್ಜಿ. ಹೊಗೆ ಬಿಡೋದನ್ನ ಕಡಿಮೆ ಮಾಡದೆ ಯಾವ ಕಲ್ಲೂ ನಮ್ಮನ್ನ ಕಾಯಲ್ಲ. ಆದ್ರೆ ಇದು ನಿಜ. ಸ್ವಲ್ಪ, ಆದ್ರೆ ನಿಜ. ಮೇಡಂ ಇನ್ನೊಂದು ವರ್ಷ ಮಾಡು ಅಂದ್ರು."

ನಾನು ಆ ದಿನ ಓಣಿಯಲ್ಲಿ ಸಿಕ್ಕವರಿಗೆಲ್ಲ ಬೆಲ್ಲ ಕೊಟ್ಟೆ. ಯಾಕೆಂದು ಕೇಳಿದವರಿಗೆ ಕಲ್ಲು ಕರಗಿತು ಎಂದೆ. ಅವರು ನನ್ನನ್ನು ಒಂದು ಥರ ನೋಡಿ, ಬೆಲ್ಲ ಬಾಯಿಗೆ ಹಾಕಿಕೊಂಡು ಹೋದರು.

ಮರುವರ್ಷ ಅದೇ ಹೊಲದಲ್ಲಿ, ಪುಡಿಯೂ ಗೊಬ್ಬರವೂ ಬೀಳದ ಇನ್ನೊಂದು ಮಗ್ಗುಲಿಗೆ, ಹೊಸದಾಗಿ ಮಡಿ ಮಾಡಿ, ಹೊಸದಾಗಿ ಚೀಟಿ ಎತ್ತಿದೆವು. ಚಿಕ್ಕಣ್ಣ ಬಂದಾಗ ನಾನೇ ಮಂದೆಯನ್ನು ಸುತ್ತುದಾರಿಯಲ್ಲಿ ಕಳಿಸಿದೆ. ಆರು ಖಾಲಿ ಮಡಿಗಳಲ್ಲಿ ರಾಗಿ ಬಡವಾಗಿ ನಿಂತಿತ್ತು. ದಿನಾ ಹೋಗಿ ನೋಡುತ್ತಿದ್ದೆ, ಕೈ ಕಟ್ಟಿಕೊಂಡು ಹಿಂದಿರುಗುತ್ತಿದ್ದೆ. ಹೆತ್ತು ಹೊತ್ತು ಎಷ್ಟೋ ಕೆಲಸ ಮಾಡಿದ್ದೇನೆ. ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿದ ನೆನಪಿಲ್ಲ.

ಕಳೆದ ತಿಂಗಳು ನೀಲಾಳ ಕೊನೆಯ ಪರೀಕ್ಷೆ. ಎಲ್ಲರ ಎದುರಿಗೆ ನಿಂತು ಹೇಳುವ ಪರೀಕ್ಷೆಯಂತೆ, ಮನೆಯವರೂ ಬರಬಹುದಂತೆ. ನಾನು, ಯಜಮಾನರು, ಮಗ, ಸೊಸೆ ನಾಲ್ವರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಗೋಡೆಯ ಮೇಲೆ ನಮ್ಮ ಹೊಲದ ಚಿತ್ರ ಮೂಡಿತು, ಹನ್ನೆರಡು ಮಡಿಗಳ ಸಮೇತ. ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನಗೆ ಒಂದು ಮಾತೂ ತಿಳಿಯಲಿಲ್ಲ, ಒಂದು ಮಾತನ್ನೂ ಬಿಡದೆ ಕೇಳಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಚಿತ್ರದ ಪಡುವಣ ಮೂಲೆಯನ್ನು ತೋರಿಸಿ ಏನೋ ಕೇಳಿದರು. ಮೊದಲ ವರ್ಷ ಯಾಕೆ ಮೂರೇ ಸಾಕ್ಷಿ ಮಡಿಗಳು ಎಂದು ಕೇಳಿದ್ದೆಂದು ಆಮೇಲೆ ತಿಳಿಯಿತು.

ನೀಲಾ ಕೈಚಾಚಿ ಹಿಂದಿನ ಸಾಲಿನಲ್ಲಿದ್ದ ನನ್ನನ್ನು ತೋರಿಸಿ ಏನೋ ಅಂದಳು. ಇಡೀ ಹಾಲು ನನ್ನ ಕಡೆ ತಿರುಗಿತು. ಪರೀಕ್ಷಕರು ಎದ್ದು, ನಗುತ್ತ, ಕುರಿ ಮಲಗಿಸಿದವರು ನೀವೇನಾ ಅಮ್ಮ ಎಂದು ತೆಲುಗಿನಲ್ಲಿ ಕೇಳಿದರು.

ಯಜಮಾನರು ಸೆರಗು ಜಗ್ಗಿ ಕೂತ್ಕೊ ಕೂತ್ಕೊ ಎನ್ನುತ್ತಿದ್ದರು. ನಾನು ಎದ್ದು ನಿಂತೆ. ನನಗೆ ತೆಲುಗು ನೀರು ಕುಡಿದಷ್ಟು ಸಲೀಸಾಗಿ ಬರುತ್ತದೆ, ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ತವರಿನ ಮಾತೇ.

"ಹೌದ್ರಿ, ನಾನ ರೀ," ಎಂದೆ. "ಆದ್ರ ಮರುವರ್ಷ ನಾನು ಏನೂ ಮಾಡಿಲ್ರಿ. ಒಂದು ಬೊಗಸಿ ಗೊಬ್ಬರ ಸೈತ ಹಾಕಿಲ್ರಿ. ಅದನ್ನೂ ಬರಕೊಳ್ರಿ."